ಗಿರಣಿಯವರ ಮನೆಯ ನೆಲ

೧೯೯೬ರ ಅಕ್ಟೋಬರಿನ ಒಂದು ಮಧ್ಯಾಹ್ನ, ಅಟ್ಲಾಂಟಾದ ಕ್ಯಾಬೇಜ್‌ಟೌನಿನಲ್ಲಿ ಹತ್ತಿಗಿರಣಿ ಕಾರ್ಮಿಕರ ಹಳೆಯ ಮನೆಯೊಂದನ್ನು ನೋಡಲು ಹೋಗಿದ್ದೆವು. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ತೀರಿಹೋದ ನನ್ನ ಗಂಡ ತ್ಯಾಗರಾಜ ಜವಳಿ ಎಂಜಿನಿಯರ್. ಸಾಫ್ಟ್‌ವೇರಿನವರ ನಡುವೆ ತಲೆಯೆತ್ತಿ ಹಾಗೆಂದು ಹೇಳಿಕೊಳ್ಳುತ್ತಿದ್ದರು. ಈ ಬೀದಿಯನ್ನು ನೋಡಬೇಕೆಂದಿದ್ದವರು ಅವರೇ.

ಅಭ್ಯಾಸಬಲದಿಂದ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟೆ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಶೈಲಜಾ ಆಂಟಿ ನಕ್ಕರು. "ಇದೇನು ದೇವಸ್ಥಾನವೇನೇ?"

ಒಳಗೆ ಚಳಿಯಿತ್ತು. ಹಲಗೆಯ ನೆಲ ಮಾತ್ರ ಬೆಚ್ಚಗಿತ್ತು, ಒಂದೇ ಸಮನೆ ಅದುರುತ್ತಿತ್ತು.

"ಮಗ್ಗಗಳು ಓಡ್ತಿವೆ," ಎಂದೆ.

"ಒಬ್ಬಳೇ ಇದ್ದೂ ಇದ್ದೂ ಹೀಗಾಗಿದ್ದೀಯ. ನಾಳೇನೇ ನಿಮ್ಮಣ್ಣಂಗೆ ಫೋನ್ ಮಾಡಿ ಟಿಕೆಟ್ ಬುಕ್ ಮಾಡಿಸ್ತೀನಿ. ಸುಮ್ನೆ ಮೈಸೂರಿಗೆ ಹೊರಡು."

"ಹೋಗಲ್ಲ ಆಂಟಿ. ನನ್ನ ಮನೆ ಇಲ್ಲೇ ಇರೋದು. ನೀವೂ ಶೂಸ್ ಬಿಚ್ಚಿ ನೋಡಿ."

ಗೊಣಗುತ್ತಲೇ ಬಿಚ್ಚಿದರು. ಬರಿಗಾಲು ಊರಿದ್ದೇ ಬಗ್ಗಿ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದರು.

ಅಷ್ಟರಲ್ಲಿ ನೆಲ ಥಟ್ಟನೆ ತಣ್ಣಗಾಯಿತು. ಹೊರಗೆ ಜಗಲಿಯ ಹಲಗೆಗಳು ಒಂದೊಂದಾಗಿ ಕಿರುಗುಟ್ಟಿದವು. ಪಾಳಿ ಮುಗಿಸಿದವರು ಮನೆಗೆ ಮರಳುವ ಹಾಗೆ ಹೆಜ್ಜೆಗಳು ಒಳಬಂದವು. ಕಣ್ಣಿಗೆ ಯಾರೂ ಕಾಣಲಿಲ್ಲ. ಆಂಟಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ನಾನು ಸರಿಯಲಿಲ್ಲ. ಹೆಜ್ಜೆಗಳು ನನ್ನ ಹತ್ತಿರ ಬಂದು ನಿಧಾನವಾದವು, ನನ್ನನ್ನು ಸುತ್ತಿಕೊಂಡು ಹಿಂದಿನ ಕೋಣೆಗೆ ಹೋದವು.