ಅವಳ ಬೆಂಕಿಗೆ ನನ್ನ ಕಟ್ಟಿಗೆ

"ನನ್ನ ಕಟ್ಟಿಗೆ ಎಲ್ಲಿ ಹೋಯ್ತು?"

ವಿಲಾಯ್ ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಒಂದು ಕೈ ಕಂಬದ ಮೇಲೆ, ಇನ್ನೊಂದು ತುಂಬಿದ ಹೊಟ್ಟೆಯ ಮೇಲೆ. ನಿನ್ನೆ ಸಂಜೆಯವರೆಗೂ ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ಎದೆಮಟ್ಟ ಪೇರಿಸಿಟ್ಟಿದ್ದ ಕಟ್ಟಿಗೆಯ ರಾಶಿ ಈಗ ಇರಲಿಲ್ಲ. ಒಂದಿಷ್ಟು ತೊಗಟೆಯ ಚೂರು, ದಿಕ್ಕೆಟ್ಟ ಇರುವೆಗಳು, ಗಾಡಿ ಚಕ್ರದ ಗುರುತು... ಅಷ್ಟೇ!

ಅವಳ ಗಂಡ ಖಂಫೂ ನೀರಿನ ಜಾಡಿಯ ಹತ್ತಿರ ಕೂತು ಕೈ ತೊಳೆಯುತ್ತಿದ್ದ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.

"ಪಿಂಖಾಮ್‌ಗೆ ಕೊಟ್ಟೆ," ಎಂದ, ತಲೆ ಎತ್ತದೆ.

"ಯಾರಿಗೆ?!"

"ಅವಳಿಗೆ ಹೆರಿಗೆ ಆಯ್ತು. ದಿನ ತುಂಬೋಕೆ ಮುಂಚೇನೇ. ಮನೇಲಿ ಒಂದು ಒಣ ಕಡ್ಡಿ ಇರಲಿಲ್ಲ."

ಪಿಂಖಾಮ್! ಮದುವೆಗೆ ಮೊದಲು ಇವನು ಯಾರ ಜಗಲಿಯಲ್ಲಿ ಕೂತು ಸಂಜೆಗಳನ್ನು ಕಳೆಯುತ್ತಿದ್ದನೋ, ಅದೇ ಪಿಂಖಾಮ್! ಅವಳ ಗಂಡ ಕೂಲಿ ಹುಡುಕಿಕೊಂಡು ಮೆಕಾಂಗ್ ನದಿ ದಾಟಿ ಆಚೆ ದೇಶಕ್ಕೆ ಹೋದವನು, ನಾಟಿಯ ಕಾಲದಿಂದ ಸುದ್ದಿಯಿಲ್ಲ.

"ಅವಳ ಗಂಡ ಮಾಡೋ ಕೆಲಸ ನೀನ್ಯಾಕೆ ಮಾಡಿದೆ?"

"ಅವನಿಲ್ಲವಲ್ಲ ವಿಲಾಯ್..."

"ಅವನಿಲ್ಲ ಅಂತ ನೀನಿದ್ದೀಯಾ?"

ಖಂಫೂ ಬಾಯಿ ತೆರೆದ. ಜಗಲಿಯಿಂದ ಬಗ್ಗಿ ನೋಡುತ್ತಿದ್ದ ವಿಲಾಯ್‌ಳ ಅಮ್ಮನ ಮುಖ ನೋಡಿ ಹಾಗೇ ಮುಚ್ಚಿಕೊಂಡ.

ಈ ಊರಲ್ಲಿ ಹೆತ್ತವಳು ಬೆಂಕಿಯ ಪಕ್ಕ ಮಲಗಬೇಕು. ಬಿದಿರಿನ ಮಂಚದ ಬದಿಯಲ್ಲಿ ಹಗಲೂ ರಾತ್ರಿ ಕೆಂಡ ಆರಬಾರದು. ಆ ಕಟ್ಟಿಗೆಯನ್ನು ಗಂಡನೇ ಕಡಿದು ಒಣಗಿಸಬೇಕು. ಬಸುರಿಯನ್ನು ನೋಡಲು ಬಂದ ಹೆಂಗಸರು ಮೊದಲು ಮನೆಯ ಅಡಿಗೆ ಕಣ್ಣು ಹಾಯಿಸುತ್ತಾರೆ, ಆಮೇಲೆ ಹೊಟ್ಟೆ ನೋಡುತ್ತಾರೆ. ಗಂಡನ ಪ್ರೀತಿ ಎಷ್ಟೆಂದು ಅಲ್ಲೇ ಗೊತ್ತಾಗಿಬಿಡುತ್ತದೆ!

ಮಳೆ ನಿಂತಾಗಿನಿಂದ ಖಂಫೂ ಹುಣಸೆ ಮರದ ಆ ಸೀಳುಗಳನ್ನು ಮೀನು ಒಣಗಿಸುವವನ ಹಾಗೆ ಬಿಸಿಲಿಗೆ ತಿರುಗಿಸಿ ಇಟ್ಟಿದ್ದ. "ನನಗಿಂತ ಕಟ್ಟಿಗೆ ಮೇಲೇ ನಿನಗೆ ಜಾಸ್ತಿ ಮುದ್ದು," ಎಂದು ಅವಳು ಎಷ್ಟು ಸಲ ರೇಗಿಸಿದ್ದಳೋ!

"ಸಾಕು, ಮೇಲೆ ಬಾರೇ. ಅನ್ನ ಆರುತ್ತೆ," ಎಂದಳು ಅಮ್ಮ.

ವಿಲಾಯ್‌ಗೆ ಆಶ್ಚರ್ಯವಾಯಿತು. ಮನೆ ಅಳಿಯ ಸೀನಿದರೂ ತಪ್ಪು ಹುಡುಕುವ ಅಮ್ಮ ಇವತ್ತು ಅವನನ್ನು ಬೈಯಲಿಲ್ಲ. ಅಂಟನ್ನದ ಬುಟ್ಟಿಯನ್ನು ಅವನ ಕಡೆಗೆ ಸರಿಸಿದಳು. ಸುಟ್ಟ ಮೀನಿನ ದಪ್ಪ ತುಂಡನ್ನೂ ಅವನಿಗೇ ಇಟ್ಟಳು!

'ಅಮ್ಮನೂ ಅವನ ಕಡೆಗೇ ಸೇರಿಕೊಂಡಳಾ?' ಬಾಯಿಗಿಟ್ಟ ತುತ್ತು ಕಹಿಯಾಯಿತು.

ಅಂದಿನಿಂದ ಖಂಫೂ ಜಗಲಿಯಲ್ಲಿ ಬೇರೆ ಮಲಗಿದ. ಹೊಟ್ಟೆಯ ಮೇಲೆ ಕೈಯಿಟ್ಟು "ಒದೀತಾ?" ಎಂದು ಕೇಳುತ್ತಿದ್ದವನು ಈಗ ಹತ್ತಿರವೂ ಸುಳಿಯಲಿಲ್ಲ. ಬೆಳಗಾಗುತ್ತಲೇ ಹೋಗುವನು, ಸಂಜೆ ತಲೆತುಂಬ ಧೂಳು ಹೊತ್ತು ಬರುವನು. ಎಲ್ಲಿಗೆ ಎಂದರೆ, "ಗದ್ದೆಗೆ."

ಕೊಯ್ಲು ಮುಗಿದ ಗದ್ದೆಯಲ್ಲಿ ಏನು ಕೆಲಸ?!

ಬೋರಿನ ಹತ್ತಿರ ಹೋದರೆ ನಗುತ್ತಿದ್ದ ಹೆಂಗಸರೆಲ್ಲ ಗಪ್‌ಚುಪ್. ವಿಲಾಯ್ ಬೇಕೆಂದೇ ಕೇಳಿದಳು:

"ಪಿಂಖಾಮ್‌ಗೆ ಏನು ಮಗು? ಗಂಡೋ, ಹೆಣ್ಣೋ?"

ಒಬ್ಬಳು ಕೊಡ ಎತ್ತಿಕೊಂಡಳು. ಇನ್ನೊಬ್ಬಳು ಉಟ್ಟ ಬಟ್ಟೆಯ ಗಂಟು ಸರಿಮಾಡಿಕೊಂಡಳು. "ಬಿಸಿಲು ಏರ್ತಾ ಇದೆ, ನೀನು ಮನೆಗೆ ಹೋಗಮ್ಮ," ಎಂದಳು ಒಬ್ಬ ಮುದುಕಿ.

ಆಗ ಅವಳ ಎದೆಗೆ ಚೂರಿ ಹಾಕಿದಂತೆ ಆ ಯೋಚನೆ ಬಂತು... ಮಗು ಯಾರ ಹಾಗಿದೆ ಎಂದು ಹೇಳಲು ಇವರು ಹೆದರುತ್ತಿದ್ದಾರೆ!

ಅಮ್ಮನನ್ನೇ ಹಿಡಿದು ಕೇಳಿದಳು. "ನಿಜ ಹೇಳಮ್ಮ. ಇಲ್ಲಾಂದ್ರೆ ಹೆರುವಾಗಲೇ ಸತ್ತು ಹೋಗ್ತೀನಿ ನಾನು!"

"ಬಿಡ್ತು ಅನ್ನು! ಬಿಡ್ತು ಅನ್ನೇ!" ಅಮ್ಮ ಅವಳ ಬಾಯಿಗೇ ಕೈ ಅಡ್ಡ ಹಿಡಿದಳು. ಆದರೆ ಹೇಳಲಿಲ್ಲ.

ಸಂಜೆ ಖಂಫೂ ಬರುತ್ತಲೇ ವಿಲಾಯ್ ಎದ್ದು ನಿಂತಳು.

"ಮಗು ನಿನ್ನ ಹಾಗೇ ಇದೆಯಾ?"

ಅವನ ಮುಖ ಬಿಳಿಚಿಕೊಂಡಿತು. "ಏನು... ಏನು ಮಾತಾಡ್ತಿದ್ದೀಯಾ ನೀನು?"

"ನನ್ನ ಹೆರಿಗೆ ಹೊತ್ತಿಗೆ ನೀನು ಈ ಮೆಟ್ಟಿಲು ಹತ್ತಬೇಡ. ನನ್ನ ಬೆಂಕಿ ನಾನೇ ನೋಡ್ಕೋತೀನಿ. ಹೋಗು, ಅಲ್ಲಿಗೇ ಹೋಗು!"

ಅವನು ಬಂದ ಹಾಗೇ ಜಗಲಿಗೆ ಹೋಗಿ ಮಲಗಿದ. ಊಟವನ್ನೂ ಮಾಡಲಿಲ್ಲ. 'ಇಲ್ಲ ಅಂತ ಒಂದು ಸುಳ್ಳಾದರೂ ಹೇಳಬಾರದಿತ್ತಾ...' ಎಂದು ವಿಲಾಯ್ ದಿಂಬು ಕಚ್ಚಿ ಅತ್ತಳು.

ಮರುದಿನ ಮಧ್ಯಾಹ್ನ ಅಮ್ಮನಿಗೆ ಜೊಂಪು ಹತ್ತಿದಾಗ ಅವಳು ಕೊಡೆ ಹಿಡಿದು ಹೊರಟಳು. ಪಿಂಖಾಮ್‌ಳ ಮುಖಕ್ಕೆ ಹೊಡೆದಂತೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಏಣಿ ಹತ್ತುವಷ್ಟರಲ್ಲಿ ಉಸಿರು ಕಟ್ಟಿತು.

ಒಳಗೆ ಬೆಂಕಿ ಉರಿಯುತ್ತಿತ್ತು. ಅವಳದೇ ಕಟ್ಟಿಗೆ! ಗಂಟಿರುವ ಆ ದಪ್ಪ ಸೀಳನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ಪಕ್ಕದ ಮಂಚದ ಮೇಲೆ ಪಿಂಖಾಮ್ ಬೆಂಕಿಗೆ ಮುಖ ಮಾಡಿ ಮಲಗಿದ್ದಳು.

ತೊಟ್ಟಿಲು ಕಟ್ಟಿರಲಿಲ್ಲ. ಹಗ್ಗದ ಮೇಲೆ ಒಂದು ಸಣ್ಣ ಬಟ್ಟೆಯೂ ಒಣಗುತ್ತಿರಲಿಲ್ಲ.

"ಮಗು... ಎಲ್ಲಿ?"

ಪಿಂಖಾಮ್ ಹೊರಳಿದಳು. ಅವಳ ರವಿಕೆಯ ಮುಂಭಾಗ ಹಾಲಿನಿಂದ ತೊಯ್ದು ಹೋಗಿತ್ತು. ವಿಲಾಯ್‌ಳ ಹೊಟ್ಟೆ ಕಂಡದ್ದೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ನೀನ್ಯಾಕೆ ಬಂದೆ? ಹೋಗೇ... ನನ್ನ ಮುಖ ನೋಡಬಾರದು ನೀನು! ತುಂಬಿದ ಬಸುರಿಗೆ ಇದನ್ನೆಲ್ಲ ಹೇಳಲೂಬಾರದು ಅಂತ ಊರೇ ಬಾಯಿ ಮುಚ್ಚಿಕೊಂಡಿದೆಯಲ್ಲೇ..."

ವಿಲಾಯ್ ಕೊಡೆಯನ್ನು ಕೆಳಗಿಟ್ಟಳು.

"ಅಳಲಿಲ್ಲ ಕಣೇ ಅದು," ಕೈಯೊಳಗಿಂದಲೇ ಪಿಂಖಾಮ್ ಹೇಳಿದಳು. "ಒಂದೇ ಒಂದು ಸಲಾನೂ ಅಳಲಿಲ್ಲ."

ಬೆಂಕಿ ಚಟಪಟ ಎಂದಿತು.

"ನನ್ನಮ್ಮ ಖಂಫೂನ ಕೇಳಿದಳು, ಇದನ್ನೆಲ್ಲ ಇಲ್ಲಿಗೆ ತಂದರೆ ನಿನ್ನ ಹೆಂಡತಿಗೆ ಏನು ಮಾಡ್ತೀಯಪ್ಪ ಅಂತ. ನನ್ನ ಹೆಂಡತಿಗೆ ನಾನಿದ್ದೀನಿ, ಇವಳಿಗೆ ಯಾರಿದ್ದಾರೆ ಅಂದ."

ವಿಲಾಯ್ ತಕ್ಷಣ ಹೋಗಲಿಲ್ಲ. ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಸೀಳು ತೆಗೆದು ತಾನೇ ಬೆಂಕಿಗೆ ಹಾಕಿದಳು.

ಅಲ್ಲಿಂದ ಅವಳು ಗದ್ದೆಗೆ ನಡೆದಳು. ದೂರದಿಂದಲೇ ಕಾಣಿಸಿತು. ಗದ್ದೆಯ ನಡುವಿನ ಅವರ ಗುಡಿಸಲಿಗೆ ಸೂರಿಲ್ಲ, ಗೋಡೆಯಿಲ್ಲ. ಖಂಫೂ ಅದರ ತೊಲೆಗಳನ್ನು ಕಳಚಿ ಸೀಳುತ್ತಿದ್ದ. ಮದುವೆಯ ಮಾತೆತ್ತಲು ಬಂದು, ನಾಲಗೆ ತಡವರಿಸಿ, "ಉಪ್ಪಿದೆಯಾ?" ಎಂದು ಅವನು ಕೇಳಿದ್ದು ಇದೇ ಗುಡಿಸಲಲ್ಲಿ!

"ಇದನ್ನೂ ಕಡಿದೆಯಾ?"

ಅವನು ಬೆಚ್ಚಿಬಿದ್ದ. "ಈಗ ಕಾಡಿಂದ ಹಸಿ ಮರ ಕಡಿದರೆ ನಿನ್ನ ಹೊತ್ತಿಗೆ ಒಣಗಲ್ಲ. ಇದು ಚೆನ್ನಾಗಿ ಒಣಗಿದೆ... ನೀನ್ಯಾಕೆ ಬಿಸಿಲಲ್ಲಿ ಬಂದೆ?"

"ಪಿಂಖಾಮ್ ಮನೆಗೆ ಹೋಗಿದ್ದೆ."

ಕೊಡಲಿ ಅವನ ಕೈಯಿಂದ ಜಾರಿತು.

"ಅವಳನ್ನ ಪ್ರೀತಿಸಿದ್ದೆ ಅಲ್ವಾ?"

"ಒಂದು ಕಾಲಕ್ಕೆ, ಹೌದು."

"ಈಗ?"

"ಈಗ ಅಯ್ಯೋ ಅನ್ಸುತ್ತೆ. ನಿನ್ನ ನೋಡಿದ್ರೆ ಭಯ ಆಗುತ್ತೆ." ಅವನ ದನಿ ಒಡೆಯಿತು. "ಆ ಮಗೂನ ಹೂಳೋಕೆ ಕಾಡಿಗೆ ಹೊತ್ತುಕೊಂಡು ಹೋದವನು ನಾನೇ ವಿಲಾಯ್! ಬಸುರಿ ಹೆಂಡತಿ ಇರೋನು ಮುಟ್ಟಬಾರದು... ಗೊತ್ತಿತ್ತು. ಬೇರೆ ಯಾರೂ ಮುಂದೆ ಬರಲಿಲ್ಲ. ಇಷ್ಟೇ ಇತ್ತು, ನನ್ನ ಮೊಳಕೈ ಉದ್ದಾನೂ ಇರಲಿಲ್ಲ. ಎಷ್ಟು ತೊಳೆದರೂ ಕೈ... ಅದಕ್ಕೇ ನಿನ್ನ ಮುಟ್ಟಲಿಲ್ಲ."

ಅವಳಿಗೂ ಭಯವಾಯಿತು. ಅವಳೂ ಇದೇ ಊರಿನ ಹುಡುಗಿ, ಇದೇ ಮಾತು ಕೇಳಿ ಬೆಳೆದವಳು. ಆದರೂ ಹತ್ತಿರ ಹೋಗಿ ಅವನ ಕೈ ಹಿಡಿದಳು. ಅವನು ಎಳೆದುಕೊಂಡ. ಅವಳು ಬಿಡಲಿಲ್ಲ. ಆ ಕೈಯನ್ನು ತನ್ನ ಹೊಟ್ಟೆಯ ಮೇಲೆ ಒತ್ತಿ ಹಿಡಿದಳು.

ಒಳಗೆ ಏನೂ ಅಲುಗಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಕೊನೆಗೆ, ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಸಿಟ್ಟು ಬಂದಂತೆ, ಒಂದು ಒದೆ ಬಿತ್ತು.

ಖಂಫೂ ಅಲ್ಲೇ ಮಂಡಿಯೂರಿ ಬಿಕ್ಕಿಬಿಕ್ಕಿ ಅತ್ತ.

"ಖಂಫೂ... ನನಗೂ ಹಾಗೇ ಆದ್ರೆ?"

ಬೇರೆ ಯಾರೇ ಆಗಿದ್ದರೂ 'ಬಿಡ್ತು ಅನ್ನು' ಎನ್ನುತ್ತಿದ್ದರು. ಅವನು ಅನ್ನಲಿಲ್ಲ.

"ಆದ್ರೂ ನಿನ್ನ ಬೆಂಕಿ ನಾನೇ ಹಾಕ್ತೀನಿ. ಆರೋಕೆ ಬಿಡಲ್ಲ."

ವಿಲಾಯ್ ಅವನ ಕೂದಲಿನಿಂದ ಮರದ ಪುಡಿ ಕೊಡವಿದಳು.

"ಅವಳ ಮನೇಲಿ ಹೊಗೇನೇ ಇರಲಿಲ್ಲ ಕಣೋ," ಎಂದಳು. "ತುಂಬ ಚೆನ್ನಾಗಿ ಒಣಗಿಸಿದ್ದೆ ನೀನು."

"ನಿನಗೆ ಅಂತ ಒಣಗಿಸಿದ್ದು."

"ಗೊತ್ತು... ಮಿಕ್ಕಿದ್ದನ್ನೂ ಸೀಳು. ನಾನು ಇಲ್ಲೇ ಕೂತಿರ್ತೀನಿ."