ಗಾದ್ರಪ್ಪನವರು ಓದಿದ ಗಿಣಿ

"ಇದನ್ನ ಯಾರಿಗಾದ್ರೂ ತೋರ್ಸಿದ್ರಾ?"

ಓಬಳಮ್ಮ ಹಾಳೆಯತ್ತ ಬೆರಳು ತೋರಿಸಿ ಕೇಳಿದಳು.

ಅವಳೆದುರು ಹಾಳೆ ಹಿಡಿದು ಕೂತಿದ್ದವನು ಚೌಡೇಶ. ಚಳ್ಳಕೆರೆಯ ಶಾಲೆಯ ಮೇಷ್ಟ್ರು. ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗ ಮುಟ್ಟಿದವನಲ್ಲ. ೧೯೧೧ರ ಆ ಬೇಸಿಗೆಯಲ್ಲಿ ಮೊಳಕಾಲ್ಮೂರಿನ ನೇಕಾರರ ಬದುಕಿನ ಬಗ್ಗೆ ಬೆಂಗಳೂರಿನ ವಿದ್ವಾಂಸರ ಪತ್ರಿಕೆಗೆ ಲೇಖನ ಬರೆಯುತ್ತಿದ್ದ. ಎರಡು ತಿಂಗಳು ಇವರ ಜಗುಲಿಯಲ್ಲೇ ಕೂತು ಕೇಳಿದ್ದನ್ನೆಲ್ಲ ಬರೆದುಕೊಂಡಿದ್ದ. ಅಚ್ಚಿಗೆ ಕೊಡುವ ಮೊದಲು ಓದಿ ಹೇಳಲು ಇವತ್ತು ಬಂದಿದ್ದ.

"ಹೆಸರು ಹಾಕಿಲ್ಲ ಓಬಳಮ್ಮ. ಊರೂ ಹಾಕಿಲ್ಲ. 'ಒಬ್ಬ ಮಗಳು' ಅಂತಷ್ಟೇ ಐತೆ."

ಅಪ್ಪ ಬೊಮ್ಮಯ್ಯನ ಕೈ ನಡುಗತೊಡಗಿ ಮೂರು ವರ್ಷ. ಆ ಕೇರಿಯಲ್ಲಿ ಹೆಣ್ಣುಮಕ್ಕಳು ನೂಲು ಸುತ್ತಬಹುದು, ನೇಯಲು ಮಗ್ಗದ ಗುಂಡಿಗೆ ಇಳಿಯುವಂತಿಲ್ಲ. ಬಾಗಿಲು ಹಾಕಿಕೊಂಡು ಅಪ್ಪನ ಹೆಸರಲ್ಲಿ ಸೀರೆ ನೇಯುತ್ತಿದ್ದವಳು ಓಬಳಮ್ಮ. ಚೌಡೇಶನಿಗೆ ಅದನ್ನು ಅವಳೇ ಹೇಳಿದ್ದಳು... ನಂಬಿ.

"ಮತ್ತೆ ಈ ಚಿತ್ರ?"

ಅವಳ ಸೆರಗಿನ ಗಿಣಿಯನ್ನು ಅವನು ಹಾಳೆಯ ಮೇಲೆ ಬಿಡಿಸಿದ್ದ. ಕತ್ತು ಹಿಂದಕ್ಕೆ ತಿರುಗಿಸಿದ ಗಿಣಿ.

"ಚೆಂದ ಐತೆ ಅಂತ..."

"ಅಯ್ಯೋ ಮೇಷ್ಟ್ರೇ! ಈ ಗಿಣಿ ನಮ್ಮನೆ ಬಿಟ್ಟು ಇನ್ಯಾರೂ ನೇಯಲ್ಲ! ಅಕ್ಷರ ಬರದಿದ್ರೂ ನಮ್ಮ ಕೇರಿಯೋರು ಇದನ್ನ ಓದ್ತಾರೆ!"

ಚೌಡೇಶ ಚಿತ್ರದ ಮೇಲೆ ಅಂಗೈ ಮುಚ್ಚಿದ.

"ಬೆಳಿಗ್ಗೆ... ಕೇರಿ ಯಜಮಾನರು ಗಾದ್ರಪ್ಪನೋರಿಗೆ ಓದಿ ಹೇಳ್ದೆ. ಚಿತ್ರಾನೂ ತೋರ್ಸ್ದೆ."

ಓಬಳಮ್ಮ ಅವನಿಂದ ದೂರ ಸರಿದಳು. 'ಇವನಿಗೆ ನಾನು ಬರೀ ಒಂದು ಹಾಳೆಯಾಗಿದ್ದೆನಾ? ನಾನು ಏನೇನೋ ಅಂದುಕೊಂಡಿದ್ದೆನಲ್ಲ...'

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು. ಗಾದ್ರಪ್ಪ!

"ಏಮಯ್ಯಾ ಬೊಮ್ಮಯ್ಯ, ನಿನ್ ಮಗ್ಗದಾಗೆ ಯಾರ್ ಕೂತ್ಕಂತಾರೆ?"

ಮೂಲೆಯಲ್ಲಿ ಕೂತಿದ್ದ ಬೊಮ್ಮಯ್ಯ ನಡುಗುವ ಕೈಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡ.

ಚೌಡೇಶ ಧಡಕ್ಕನೆ ಎದ್ದ. ಎರಡು ತಿಂಗಳ ಬರಹವನ್ನು ಪರ್ರನೆ ಹರಿದ!

"ಅದೆಲ್ಲ ನಾನ್ ಕಟ್ಟಿದ್ ಸುಳ್ಳು ಯಜಮಾನ್ರೇ. ಪತ್ರಿಕೆಗೂ ಹಂಗೇ ಬರೀತೀನಿ."

ಓಬಳಮ್ಮ ದಿಗ್ಭ್ರಮೆಯಿಂದ ಅವನನ್ನೇ ನೋಡಿದಳು. ಸುಳ್ಳು ಬರೆದವನೆಂದು ಒಪ್ಪಿಕೊಂಡರೆ ಇವನ ಬರಹವನ್ನು ಮತ್ತೆ ಯಾರು ನಂಬುತ್ತಾರೆ? ನನಗೋಸ್ಕರ...!

"ಅವ್ರು ಹೇಳ್ತಿರೋದೇ ಸುಳ್ಳು," ಎಂದವಳೇ ಮಗ್ಗದ ಗುಂಡಿಗೆ ಇಳಿದಳು. ಎಲ್ಲರ ಕಣ್ಣೆದುರೇ ಲಾಳಿ ಎಸೆದಳು. ಒಂದು ಎಳೆ... ಇನ್ನೊಂದು...

ಗಾದ್ರಪ್ಪ ಬಗ್ಗಿ ಬಟ್ಟೆ ಮುಟ್ಟಿ ನೋಡಿದರು.

"ನನ್ ಮಗಳ ಧಾರೆ ಸೀರೆ?"

"ನಾನೇ ನೇಯ್ದಿದ್ದು, ಮಾವ."

"ಹಾಳಾಗ್ಹೋಗ! ವಯಸ್ಸಾದಂಗೆಲ್ಲ ಬೊಮ್ಮಯ್ಯನ ಕೈ ಚೆಂದ ಆಗ್ತೈತೆ ಅಂತ ಕೇರಿಗೆಲ್ಲ ಹೊಗಳ್ಕಂಡು ಬಂದೆನಲ್ಲೇ!" ಅವರು ಹೆಗಲ ವಲ್ಲಿ ಕೊಡವಿದರು. "ಏಳಬ್ಯಾಡ, ಕೂತ್ಕ. ಕೇರಿಯೋರಿಗೆ ನಾನ್ ಹೇಳ್ಕಂತೀನಿ."

ಅವರು ಹೋದ ಮೇಲೆ ಓಬಳಮ್ಮ ಲಾಳಿ ಕೆಳಗಿಟ್ಟಳು. ಚೌಡೇಶ ನೆಲದ ಮೇಲಿನ ಚೂರುಗಳನ್ನು ಆಯುತ್ತಿದ್ದ.

"ಯಾಕೆ ಹರಿದ್ರಿ?"

"ನೀನು ಮಗ್ಗದ ಮುಂದಿಂದ ಎದ್ದು ಹೋಗೋದನ್ನ ನೋಡೋಕೆ ನನ್ ಕೈಲಾಗಲ್ಲ." ಅವನು ತಲೆ ಎತ್ತಲಿಲ್ಲ. "ನಿಮ್ಮಪ್ಪನ್ನ ಕೇಳ್ಬೇಕು ಅಂತಿದ್ದೆ... ನಿನ್ನ. ಈಗ ಯಾವ ಮುಖ ಇಟ್ಕಂಡು ಕೇಳ್ಲಿ?"

ಅವಳ ಕಣ್ಣು ತುಂಬಿತು.

"ಚಳ್ಳಕೆರೆಗೆ ನಾನು ಬರಲ್ಲ. ಮಗ್ಗ ಬಿಟ್ಟಿರಲ್ಲ."

"ನಾನೇ ಇಲ್ಲಿಗೆ ಬರ್ತೀನಿ."

"ನಿಜವಾಗ್ಲೂ?"

"ನಿಜ."

"ಹಂಗಾರೆ ಕೇಳ್ರಿ ಮತ್ತೆ... ಅಪ್ಪ ಇಲ್ಲೇ ಕೂತವ್ನೆ!"