ಸೆಕೆಂಡಿನ ಮುಳ್ಳಿನ ವಾಚು

"ಅಕ್ಕಾ, ನನ್ನ ವಾಚ್ ನೋಡಿದ್ಯಾ?"

ಹರಿಣಾಕ್ಷಿ ಚಿಕ್ಕಮ್ಮ ಮಂಚದ ಕೆಳಗೆ ತಲೆ ಹಾಕಿದ್ದಳು. ಅಲ್ಲಿ ಅಡಗಿ ಕೂರಲು ವಾಚೇನು ಬೆಕ್ಕಿನ ಮರಿಯೇ? ಇಸ್ತ್ರಿ ಹಾಕಿದ ಸೀರೆ ಮುದುಡಿದ್ದೇ ಬಂತು.

ಅಶ್ಮಿತಾ ಸ್ಕೂಲ್ ಬ್ಯಾಗನ್ನು ಅಪ್ಪಿಕೊಂಡು ಸೋಫಾದ ಮೂಲೆಯಲ್ಲಿ ಕೂತಿದ್ದಳು. ವಾಚು ಅದರೊಳಗೆ, ಕಂಪಾಸ್ ಬಾಕ್ಸ್‌ನಲ್ಲಿತ್ತು. ಅಡಗಿಸಿಟ್ಟವಳು ಅವಳೇ.

ನರ್ಸಿಂಗ್ ಪಾಸಾಗಿ ಕುವೈತಿಗೆ, ಅಕ್ಕನ ಮನೆಗೆ ಬಂದಿದ್ದ ಚಿಕ್ಕಮ್ಮನಿಗೆ ಇವತ್ತು ಆಸ್ಪತ್ರೆಯಲ್ಲಿ ಇಂಟರ್‌ವ್ಯೂ. ಕೆಲಸ ಸಿಕ್ಕರೆ ಹಾಸ್ಟೆಲ್‌ನಲ್ಲೇ ಇರಬೇಕಂತೆ. ಆಮೇಲೆ ಅಶ್ಮಿತಾಗೆ ಜಡೆ ಹಾಕುವವರು ಯಾರು? ಮಲಗುವಾಗ ಕಿವಿಯಲ್ಲಿ ಜೋಕ್ ಹೇಳುವವರು ಯಾರು?

"ನನ್ನದು ಕಟ್ಟಿಕೊಂಡು ಹೋಗು," ಎಂದಳು ಅಮ್ಮ.

"ಅದಕ್ಕೆ ಸೆಕೆಂಡಿನ ಮುಳ್ಳೇ ಇಲ್ಲ ಅಕ್ಕ. ಪೇಷೆಂಟಿನ ನಾಡಿ ಎಣಿಸಿ ತೋರಿಸ್ಲಿಕ್ಕೆ ಹೇಳ್ತಾರೆ. ಅಲ್ಲಿ ತಪ್ಪಿದ್ರೆ ಖಲಾಸ್!"

ಕೆಳಗೆ ಅಪ್ಪ ಕಾರಿನ ಹಾರ್ನ್ ಒತ್ತಿದರು.

"ಜಾಬ್ ಬೇಡ ಚಿಕ್ಕಮ್ಮ, ಪ್ಲೀಸ್. ನಮ್ಮ ಜೊತೆಯೇ ಇರು," ಎಂದಳು ಅಶ್ಮಿತಾ.

"ಇರುವುದು ಹೇಗೆ ಮಾರಾಯ್ತಿ? ವಿಸಿಟ್ ವೀಸಾ ಮುಗೀತಾ ಬಂತು. ಕೆಲಸ ಆಗದಿದ್ರೆ ಊರಿಗೆ ಪ್ಲೇನ್ ಹತ್ತಬೇಕು. ಅಲ್ಲಿ ಈಗ ಎಲ್ಲಿ ನೋಡಿದ್ರೂ ನರ್ಸಿಂಗ್ ಸ್ಕೂಲ್. ಪಾಸಾದ ಹುಡುಗಿಯರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೀತಿದ್ದಾರೆ. 'ಎಕ್ಸ್‌ಪೀರಿಯೆನ್ಸ್ ಉಂಟಾ?' ಅಂತ ಕೇಳ್ತಾರೆ. ಕೆಲಸವೇ ಕೊಡದಿದ್ರೆ ಎಕ್ಸ್‌ಪೀರಿಯೆನ್ಸ್ ಎಲ್ಲಿಂದ ಬರ್ಬೇಕು?"

ಇದು ಅಶ್ಮಿತಾಗೆ ಗೊತ್ತೇ ಇರಲಿಲ್ಲ. ಹಾಸ್ಟೆಲ್ ಆದರೆ ತಾವಿರುವ ಅಬು ಹಲೀಫಾದಿಂದ ಕಾರಿನಲ್ಲಿ ಹೋಗಿ ನೋಡಿ ಬರಬಹುದು. ಊರು ಸಮುದ್ರದಾಚೆ.

"ಮುಖ ಯಾಕೆ ಬಾಡಿತು? ಕೈ ಕೊಡು."

ಚಿಕ್ಕಮ್ಮ ಅವಳ ಮಣಿಕಟ್ಟಿಗೆ ಬೆರಳೊತ್ತಿ ಗೋಡೆ ಗಡಿಯಾರ ನೋಡಿದಳು. "ಜ್ವರ ಇಲ್ಲ, ಓಡಿ ಬಂದದ್ದೂ ಅಲ್ಲ. ಮತ್ತೆ ಎಂತಕ್ಕೆ ಇಷ್ಟು ಜೋರು ಹೊಡ್ಕೊಳ್ತಾ ಉಂಟು?"

ಅಶ್ಮಿತಾಗೆ ಅಳು ತಡೆಯಲಾಗಲಿಲ್ಲ. ಇನ್ನೊಂದು ಕೈಯಿಂದ ಬ್ಯಾಗಿನ ಜಿಪ್ ಎಳೆದು ಕಂಪಾಸ್ ಬಾಕ್ಸ್ ತೆರೆದಳು.

ಬೈಯಲು ಅಮ್ಮ ಬಾಯಿ ತೆರೆದಳು. ಚಿಕ್ಕಮ್ಮ ಮಾತ್ರ ಹಿಡಿದ ಕೈ ಬಿಡಲಿಲ್ಲ.

"ನಾನು ಹಾಸ್ಟೆಲಿಗೆ ಹೋಗ್ತೇನೆ ಅಂತ ಅಲ್ವಾ?"

ಅಶ್ಮಿತಾ ಹೌದೆಂದು ತಲೆಯಾಡಿಸಿದಳು. ಮೂಗೊರೆಸಿಕೊಂಡು ವಾಚಿಗೆ ಕೀ ಕೊಟ್ಟಳು. ಚಿಕ್ಕಮ್ಮನ ಕೈಗೆ ತಾನೇ ಕಟ್ಟಿ, ಪಟ್ಟಿ ಗಟ್ಟಿಯಾಯಿತೇ ಎಂದು ಎಳೆದು ನೋಡಿದಳು.

"ಹಾಸ್ಟೆಲಲ್ಲಿ ರಜೆ ಕೊಡ್ತಾರಾ ಚಿಕ್ಕಮ್ಮ?"

"ಮೊದಲು ಕೆಲಸ ಸಿಗ್ಲಿ!" ಚಿಕ್ಕಮ್ಮ ಅವಳ ಕೆನ್ನೆ ಹಿಂಡಿ ಮೆಟ್ಟಿಲಿಳಿದು ಓಡಿದಳು.

ಅಶ್ಮಿತಾ ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ನಿಂತಳು. ಮೊದಲ ಸಲ ತಾನೇ ಜಡೆ ಹಾಕಿಕೊಂಡಳು. ಅದು ಸೊಟ್ಟಗಿತ್ತು. ಬಿಚ್ಚಿ ಮತ್ತೆ ಹೆಣೆಯತೊಡಗಿದಳು.